ಸಹಾಯ ಬೇಕು: ಶಿವಮೊಗ್ಗ ಸುತ್ತ ಕನ್ನಡದಲ್ಲಿ ನಡೆಯುವ ಎ.ಎ. ಸಭೆಗಳು
ನಮಸ್ಕಾರ. ಶಿವಮೊಗ್ಗ, ಭದ್ರಾವತಿ, ಸಾಗರ ಕಡೆ ಈಗಲೂ ನಡೆಯುತ್ತಿರುವ ಆಲ್ಕೋಹಾಲಿಕ್ಸ್ ಅನಾನಿಮಸ್ (ಎ.ಎ., ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ) ಸಭೆಗಳ ಪಟ್ಟಿ ಮಾಡುತ್ತಿದ್ದೇವೆ. ಗೊತ್ತಿದ್ದವರು ವಾರ, ಸಮಯ, ಮಾತುಕತೆ ಕನ್ನಡದಲ್ಲೇ ಇರುತ್ತಾ, ಓಪನ್ನೋ ಕ್ಲೋಸ್ಡೋ ತಿಳಿಸಿ. ಕೊನೆಯದು ಮುಖ್ಯ. ಕ್ಲೋಸ್ಡ್ ಸಭೆ ಕುಡಿತ ಬಿಡಬೇಕು ಅನ್ನುವವರಿಗಷ್ಟೇ. ಜೊತೆಗೆ ಬಂದ ಹೆಂಡತಿ, ಅಣ್ಣ ಹೊರಗೆ ಕಾಯಬೇಕಾಗುತ್ತದೆ. (ಮನೆಯವರಿಗೆ ಅಲ್-ಅನಾನ್ ಬೇರೆಯೇ ಇದೆ. ಅದು ಎಲ್ಲಾದರೂ ನಡೆಯುತ್ತಿದ್ದರೆ ಅದನ್ನೂ ಹೇಳಿ.)

ಜಾಗದ ಗುರುತು ಬಿಡಿಸಿ ಬರೆಯಿರಿ: ಯಾವ ಗೇಟು, ಎಷ್ಟನೇ ಮಹಡಿ. ಶಾಲೆಯ ಅಥವಾ ಚರ್ಚಿನ ಯಾವುದೋ ಕೋಣೆಯಲ್ಲಿ ಸಭೆ ಇದ್ದು ಬೋರ್ಡ್ ಇಲ್ಲದಿದ್ದರೆ, ಮೊದಲ ಸಲ ಬಂದವರು ವಾಚ್‌ಮನ್‌ನನ್ನು ಕೇಳಲು ಮುಜುಗರಪಟ್ಟು ಹಾಗೇ ವಾಪಸ್ ಹೋಗುತ್ತಾರೆ. ಸದಸ್ಯರ ಹೆಸರು, ಫೋಟೊ ಮಾತ್ರ ಹಾಕಬೇಡಿ.

ಶುಲ್ಕ ಇಲ್ಲ. ಮಾತಾಡಲೇಬೇಕೆಂದೂ ಇಲ್ಲ, ಸುಮ್ಮನೆ ಕೇಳಿಸಿಕೊಂಡು ಬರಬಹುದು.

ಯಾರನ್ನಾದರೂ ಕಳಿಸುವವರು ಗಮನಿಸಿ: ದಿನವೂ ವಿಪರೀತ ಕುಡಿಯುವವರನ್ನು ವೈದ್ಯರಿಗೆ ತೋರಿಸದೆ ಒಮ್ಮೆಲೇ ನಿಲ್ಲಿಸಬೇಡಿ. ಮೊದಲ 2 ದಿನಗಳಲ್ಲಿ ಫಿಟ್ಸ್, 2ರಿಂದ 4ನೇ ದಿನದೊಳಗೆ ಗಲಿಬಿಲಿ, ಇಲ್ಲದ್ದು ಕಾಣುವುದು ಶುರುವಾಗಬಹುದು, ಜೀವಕ್ಕೇ ಅಪಾಯ. ಮೊದಲು ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗ, ಆಮೇಲೆ ಸಭೆ. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416.

ಹಳೆಯ ಪಟ್ಟಿ ಫಾರ್ವರ್ಡ್ ಮಾಡಬೇಡಿ, ಈ ತಿಂಗಳು ಸಭೆ ನಡೆದದ್ದು ಖಚಿತವಿದ್ದರೆ ಮಾತ್ರ ಬರೆಯಿರಿ.