ಬೀಗ ಬದಲಿಸುತ್ತೇನೆ ಎನ್ನುವ ಮಾಲೀಕರು: ಮುಂಬಯಿ ಕನ್ನಡಿಗರ ಬಳಗದಲ್ಲಿ ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಭಾಂಡುಪ್): ನಮ್ಮದು 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು (ಗೊತ್ತಾದ ಅವಧಿಗೆ ವಾಸಕ್ಕೆ ಅನುಮತಿ ಮಾತ್ರ ಕೊಡುವ ಕರಾರು), ನೋಂದಣಿಯಾಗಿದೆ. ಇನ್ನೂ ನಾಲ್ಕು ತಿಂಗಳು ಬಾಕಿಯಿದೆ. ಮನೆ ಮಾರುತ್ತಿದ್ದೇನೆ, ಭಾನುವಾರದೊಳಗೆ ಖಾಲಿ ಮಾಡದಿದ್ದರೆ ಬೀಗ ಬದಲಿಸುತ್ತೇನೆ ಎಂದು ಮಾಲೀಕರು ವಾಟ್ಸಾಪ್‌ನಲ್ಲಿ ಬರೆದಿದ್ದಾರೆ. ಬಾಡಿಗೆ ಒಮ್ಮೆಯೂ ತಪ್ಪಿಸಿಲ್ಲ. ಮಗಳಿಗೆ ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರದಲ್ಲಿದೆ. ಲೈಸೆನ್ಸಿನವರಿಗೆ ಹಕ್ಕೇ ಇಲ್ಲ ಎಂದು ಏಜೆಂಟ್ ಹೇಳುತ್ತಾರೆ, ನಿಜವೇ?

ವಕೀಲರ ಉತ್ತರ: ಏಜೆಂಟರು ಅರ್ಧ ಸರಿ. ಹಳೆಯ ಚಾಳ್‌ಗಳ (ಸಾಲು ಖೋಲಿಗಳ ಕಟ್ಟಡಗಳ) ಬಾಡಿಗೆದಾರರಿಗಿರುವ ಗಟ್ಟಿ ರಕ್ಷಣೆ ನಿಮಗಿಲ್ಲ, ಅವಧಿ ಮುಗಿದರೆ ಬಿಡಲೇಬೇಕು. ಆದರೆ ಬೀಗ ಬದಲಿಸುವ ಅಧಿಕಾರ ಮಾಲೀಕರಿಗೆ ಅವಧಿ ಮುಗಿದ ಮೇಲೂ ಇಲ್ಲ, ಅದಕ್ಕೆ ಮೊದಲಂತೂ ಇಲ್ಲವೇ ಇಲ್ಲ. ಜಾಗದಲ್ಲಿ ನೆಲೆಯಾಗಿರುವವರನ್ನು, ಅವರಿಗೆ ಅಲ್ಲಿರುವ ಹಕ್ಕಿಲ್ಲ ಎಂದೇ ಇಟ್ಟುಕೊಂಡರೂ, ಕಾನೂನಿನ ದಾರಿ ಬಿಟ್ಟು ಹೊರಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಅದೂ ಲೈಸೆನ್ಸಿನ ಪ್ರಕರಣವೇ.

ಮಾರಾಟದ ವಿಷಯ ಮಾತ್ರ ಸ್ವಲ್ಪ ತೊಡಕಿನದು. 1882ರ ಈಸ್‌ಮೆಂಟ್ಸ್ ಕಾಯ್ದೆಯ (ಲೈಸೆನ್ಸಿನ ನಿಯಮಗಳಿರುವುದು ಇದರಲ್ಲೇ) ಪ್ರಕಾರ ಮನೆ ಕೊಂಡವರು ಹಳೆಯ ಮಾಲೀಕರು ಕೊಟ್ಟ ಲೈಸೆನ್ಸಿಗೆ ಕಟ್ಟುಬೀಳುವುದಿಲ್ಲ. ಆದ್ದರಿಂದ ನಾಲ್ಕು ತಿಂಗಳು ಖಂಡಿತ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ. ಆದರೆ ಮಾರಾಟ ಇನ್ನೂ ಆಗಿಲ್ಲವಲ್ಲ! ಮಾರಾಟವಾದರೂ ಸಾಮಾನು ತೆಗೆದುಕೊಂಡು ಹೋಗಲು ನ್ಯಾಯವಾದ ಕಾಲಾವಕಾಶ ಕೊಡಬೇಕು. ನಿಮ್ಮ ತಪ್ಪಿಲ್ಲದೆ ಅವಧಿಗೆ ಮೊದಲೇ ಎಬ್ಬಿಸಿದರೆ ಪರಿಹಾರ ಕೇಳುವ ಹಕ್ಕನ್ನೂ ಅದೇ ಕಾಯ್ದೆ ಕೊಡುತ್ತದೆ. ಕರಾರಿನಲ್ಲಿ ಮುಂಗಡ ನೋಟಿಸಿನ ಷರತ್ತು ಏನಿದೆ, ಇಂದೇ ಓದಿ. ಒಂದು ತಿಂಗಳು ಎಂದಿದ್ದರೆ ವಾಟ್ಸಾಪ್‌ನ ಭಾನುವಾರಕ್ಕೆ ಬೆಲೆಯಿಲ್ಲ.

ಆ ಸಂದೇಶವನ್ನು ಅಳಿಸಬೇಡಿ. ಪೊಲೀಸರ ಬಳಿ ಹೋದಾಗ ಬಾಡಿಗೆ ತಕರಾರು ಎಂದು ಮಾತು ಆರಂಭಿಸಿದಿರೋ, ಸಿವಿಲ್ ವ್ಯಾಜ್ಯ ಎಂದು ಕಳುಹಿಸಿಬಿಡುತ್ತಾರೆ. ಬೆದರಿಕೆ, ಅತಿಕ್ರಮ ಪ್ರವೇಶ ಎಂದೇ ಲಿಖಿತ ದೂರು ಕೊಡಿ (ಭಾರತೀಯ ನ್ಯಾಯ ಸಂಹಿತೆಯ 351 ಮತ್ತು 329ನೇ ಕಲಂ) ಮತ್ತು ಸ್ವೀಕೃತಿ ಪಡೆಯಿರಿ. ಬೀಗ ಬಿದ್ದೇಬಿಟ್ಟರೆ ಮನೆಯ ಸ್ವಾಧೀನ ಮರಳಿ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಇದೆ. ಅಲ್ಲಿ ಮನೆ ಯಾರದೆಂಬ ಪ್ರಶ್ನೆ ಏಳುವುದಿಲ್ಲ, ಬಲವಂತವಾಗಿ ಹೊರಹಾಕಿದರೇ ಎಂಬುದಷ್ಟೇ ಮುಖ್ಯ. ದಾವೆ ಹಾಕಲು ಗಡುವು ಆರು ತಿಂಗಳು. ಅದಕ್ಕಿಂತ ಮೊದಲೇ, ಈ ವಾರವೇ, ತಡೆಯಾಜ್ಞೆಗೆ ಸ್ಥಳೀಯ ವಕೀಲರನ್ನು ಕಾಣುವುದು ಜಾಣತನ.

ಪ್ರಶ್ನೆ (ಡೊಂಬಿವಲಿ): ನಮ್ಮ ಅವಧಿ ಮುಗಿದು ಎರಡು ತಿಂಗಳಾಯಿತು. ಡಿಪಾಜಿಟ್ ಕೊಡುತ್ತಿಲ್ಲ, ಅದಕ್ಕೇ ಮನೆ ಬಿಟ್ಟಿಲ್ಲ. ಸರಿಯಲ್ಲವೇ?

ಉತ್ತರ: ಕೋಪ ಸರಿ, ಲೆಕ್ಕ ತಪ್ಪು. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 24ನೇ ಕಲಂ ಪ್ರಕಾರ ಅವಧಿ ಮೀರಿ ಕುಳಿತವರು ಬಾಡಿಗೆಯ ಎರಡು ಪಟ್ಟು ತೆರಬೇಕಾಗುತ್ತದೆ. ಡಿಪಾಜಿಟ್ ಹಾಗೆಯೇ ಕರಗಿಹೋಗುತ್ತದೆ. ಮಾಲೀಕರು ಸಕ್ಷಮ ಪ್ರಾಧಿಕಾರಕ್ಕೆ (ಇಂಥ ತೆರವು ಅರ್ಜಿಗಳನ್ನು ವಿಚಾರಿಸುವ ಅಧಿಕಾರಿಗೆ) ಅರ್ಜಿ ಹಾಕಿದರೆ, ಸಮನ್ಸ್ ಬಂದ 30 ದಿನಗಳೊಳಗೆ ಪ್ರತಿವಾದಕ್ಕೆ ಅನುಮತಿ ಕೋರಿ ಪ್ರಮಾಣಪತ್ರ ಸಲ್ಲಿಸಬೇಕು. ಸಲ್ಲಿಸದಿದ್ದರೆ ನೇರ ತೆರವಿನ ಆದೇಶ. ನೋಟಿಸ್ ಕಳುಹಿಸಿ, ಸಾಕ್ಷಿಗಳ ಮುಂದೆ ಕೀಲಿ ಒಪ್ಪಿಸಿ, ರಸೀದಿ ಪಡೆದು, ಹಣಕ್ಕೆ ಬೇರೆ ದಾವೆ ಹಾಕಿ.

ಪ್ರಶ್ನೆ (ಗಿರಗಾಂವ್): ಪಗಡಿ ಮನೆ (ಮೊದಲೇ ದೊಡ್ಡ ಮೊತ್ತ ಕೊಟ್ಟು, ಕಡಿಮೆ ಬಾಡಿಗೆಗೆ ಇರುವ ಹಳೆಯ ಪದ್ಧತಿ). ತಂದೆ ತೀರಿಕೊಂಡರು, ಅವರ ಜೊತೆಗೇ ಇದ್ದೆ. ಮಾಲೀಕರು ನನ್ನಿಂದ ಬಾಡಿಗೆ ತೆಗೆದುಕೊಳ್ಳುವುದಿಲ್ಲ, ನಲ್ಲಿ ನೀರನ್ನೂ ನಿಲ್ಲಿಸಿದ್ದಾರೆ. ಕಟ್ಟಡ ಕೆಡವಿದರೆ ಹಕ್ಕು ಹೋಯಿತು ಎನ್ನುತ್ತಾರೆ.

ಉತ್ತರ: ಮೂರಕ್ಕೂ ಉತ್ತರವಿದೆ. ಮರಣಕಾಲದಲ್ಲಿ ಬಾಡಿಗೆದಾರರ ಜೊತೆ ವಾಸವಿದ್ದ ಕುಟುಂಬದ ಸದಸ್ಯರನ್ನು ಇದೇ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆದಾರರೆಂದು ಒಪ್ಪುತ್ತದೆ. ಪಡಿತರ ಚೀಟಿ, ಆಧಾರ್ ಮುಂತಾದ ವಿಳಾಸದ ದಾಖಲೆ ಜೋಡಿಸಿಡಿ. ಬಾಡಿಗೆಯನ್ನು ತಿಂಗಳು ತಪ್ಪದೆ ಮನಿಆರ್ಡರ್ ಮಾಡಿ. ತಿರಸ್ಕೃತವಾಗಿ ಹಿಂದೆ ಬಂದ ಚೀಟಿಗಳೇ ಮುಂದೆ ನಿಮ್ಮ ಸಾಕ್ಷಿ. ಬಾಕಿಯ ನೆಪದಲ್ಲಿ ದಾವೆ ಹೂಡಬೇಕಾದರೂ ಮೊದಲು 90 ದಿನಗಳ ನೋಟಿಸ್ ಕೊಡಬೇಕು.

ನೀರು ನಿಲ್ಲಿಸುವುದು ಅದೇ ಕಾಯ್ದೆಯ 29ನೇ ಕಲಂ ಪ್ರಕಾರ ಅಪರಾಧ. ವಿದ್ಯುತ್, ಲಿಫ್ಟ್, ಮೆಟ್ಟಿಲಿನ ದೀಪಕ್ಕೂ ಇದೇ ಮಾತು. ಮತ್ತೆ ಒದಗಿಸುವಂತೆ ಬಾಡಿಗೆ ವ್ಯಾಜ್ಯಗಳನ್ನು ನೋಡುವ ಸ್ಮಾಲ್ ಕಾಸಸ್ ಕೋರ್ಟ್‌ಗೆ ಅರ್ಜಿ ಹಾಕಿ. ಇನ್ನು ಕಟ್ಟಡ: ಸಾಂಗ್ಲಿಯ ಒಂದು ಪ್ರಕರಣದಲ್ಲಿ ನಗರಪಾಲಿಕೆ ಕಟ್ಟಡವನ್ನೇ ಕೆಡವಿದ ಮೇಲೂ ಬಾಡಿಗೆ ಹಕ್ಕು ಅಳಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿದೆ. ಕೆಡವುವ ಮುನ್ನ ನಿಮ್ಮ ಖೋಲಿಯ ಅಳತೆಯನ್ನು ಪಾಲಿಕೆಯಿಂದ ಲಿಖಿತವಾಗಿ ಪಡೆಯಿರಿ.

ಪ್ರಶ್ನೆ (ಪುಣೆ): ನಮ್ಮ ಕರಾರು ಬರಿಯ ಸ್ಟ್ಯಾಂಪ್ ಕಾಗದದ ಮೇಲಿದೆ, ನೋಂದಣಿ ಇಲ್ಲ.

ಉತ್ತರ: ನೋಂದಣಿ ಮಾಡಿಸುವ ಹೊಣೆ ಮಾಲೀಕರದು, ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ತಕರಾರು ಬಂದಾಗ ಷರತ್ತುಗಳ ಬಗ್ಗೆ ನೀವು ಹೇಳುವುದನ್ನೇ ಕೋರ್ಟ್ ಮೊದಲು ಒಪ್ಪುತ್ತದೆ, ಸುಳ್ಳೆಂದು ಸಾಧಿಸುವ ಕೆಲಸ ಅವರದು. ಬಾಡಿಗೆಯನ್ನು ನಗದಾಗಿ ಕೊಡುತ್ತಿದ್ದರೆ ಈ ತಿಂಗಳಿನಿಂದಲೇ ಬ್ಯಾಂಕ್ ಮೂಲಕ ಕೊಡಿ.