2022ರ ಬೊಜೊಲೆ: ಮೂರು ಸೀಮೆಗಳ ವೈನ್ ಒಂದೇ ತೆರನಾಗಿ ತೋರಿದ್ದೇಕೆ?

ಪ್ರಶ್ನೆ: ಸರಸ್ವತಿಪುರಂ, ಮೈಸೂರು

ಎಲ್ಲರಿಗೂ ನಮಸ್ಕಾರ. ಫ್ರಾನ್ಸಿನ ಲಿಯೋಂ ನಗರದಲ್ಲಿ ನೆಲೆಸಿರುವ ಮಗಳು, ಅಳಿಯ ಊರಿಗೆ ಬಂದಾಗ ಬೊಜೊಲೆ ಪ್ರದೇಶದ ಕೆಂಪು ವೈನ್ ತಂದಿದ್ದರು. ಫ್ಲರಿ, ಮೊರ್ಗೊನ್ ಮತ್ತು ಮೂಲಾಂ-ಆ-ವಾಂ ಎಂಬ ಅಲ್ಲಿನ ಮೂರು ಸೀಮೆಗಳ ವೈನ್. ಮೂರೂ 2022ರ ಕೊಯ್ಲಿನವು, ಮೂರನ್ನೂ ತಯಾರಿಸಿದವರು ಬೇರೆ ಬೇರೆ. ಗಮೇ ಎಂಬ ಒಂದೇ ತಳಿಯ ದ್ರಾಕ್ಷಿಯಿಂದ, ಅಕ್ಕಪಕ್ಕದ ಹಳ್ಳಿಗಳಲ್ಲಿಯೇ ತಯಾರಾದರೂ ಇವುಗಳ ಗುಣ ಬೇರೆಬೇರೆ ಎಂದು ಓದಿದ್ದೆ. ಫ್ಲರಿಯದು ಹೂವಿನ ಘಮ, ಮೊರ್ಗೊನ್ ತುಸು ಗಟ್ಟಿ, ಮೂಲಾಂ-ಆ-ವಾಂ ವರ್ಷಗಟ್ಟಲೆ ಇಟ್ಟು ಕುಡಿಯುವಂಥದ್ದು ಎಂಬುದು ಎಲ್ಲೆಡೆ ಸಿಗುವ ವಿವರಣೆ.

ಏಪ್ರಿಲ್ ತಿಂಗಳ ಒಂದು ಸಂಜೆ ಸ್ನೇಹಿತರೊಂದಿಗೆ ಮೂರನ್ನೂ ಒಟ್ಟಿಗೆ ತೆರೆದು, ಊಟದ ಜೊತೆಯಲ್ಲಿಯೇ ಸವಿದೆವು. ಮೂರರಲ್ಲೂ ಬೇಯಿಸಿದ ಹಣ್ಣಿನ ವಾಸನೆ ಮುಂದಾಗಿತ್ತು. ನುಂಗಿದ ಮೇಲೆ ಗಂಟಲಲ್ಲಿ ಕಾವು ಉಳಿಯುತ್ತಿತ್ತು. ಮೂಲಾಂ-ಆ-ವಾಂನಲ್ಲಿ ಒಗರು ಹೆಚ್ಚು ಎಂಬುದೊಂದನ್ನು ಬಿಟ್ಟರೆ ಯಾವುದು ಯಾವುದೆಂದು ಗುರುತಿಸುವುದು ನಮಗೆ ಕಷ್ಟವಾಯಿತು. ಇದು ಆ ವರ್ಷದ ಗುಣವೋ, ನಾವು ಸವಿದ ರೀತಿಯ ಫಲವೋ? ಫ್ಲರಿ ಮತ್ತು ಮೊರ್ಗೊನ್‌ನ ಇನ್ನೊಂದೊಂದು ಬಾಟಲಿ ಉಳಿದಿವೆ. ಅವನ್ನು ತೆರೆಯುವ ಮುನ್ನ ತಿಳಿದವರ ಅಭಿಪ್ರಾಯ ಬೇಕಾಗಿದೆ.

ಉತ್ತರ: ಕುವೆಂಪುನಗರ, ಮೈಸೂರು

ತಾವು ಹೇಳಿದ ಲಕ್ಷಣಗಳಲ್ಲಿ ಒಂದು ಪಾಲು 2022ಕ್ಕೆ ಸೇರಿದ್ದು, ಇನ್ನೊಂದು ಪಾಲು ನಮ್ಮ ಏಪ್ರಿಲ್ ತಿಂಗಳಿಗೆ ಸೇರಿದ್ದು ಎಂದು ನನ್ನ ಅನಿಸಿಕೆ.

ಮೊದಲು ವರ್ಷದ ಮಾತು. 2022ರ ಬೇಸಿಗೆ ಬೊಜೊಲೆಯಲ್ಲಿ ಬಹಳ ಬಿಸಿಯಾಗಿತ್ತು, ಮಳೆಯೂ ಕಡಿಮೆ. ನೀರಿನ ಕೊರತೆಯಿಂದ ಹಣ್ಣು ಸಣ್ಣದಾಗಿ, ಸಿಪ್ಪೆ ದಪ್ಪವಾಗಿ, ಸಕ್ಕರೆ ಬೇಗ ಏರಿತು. ಹಲವೆಡೆ ಆಗಸ್ಟ್ ಮುಗಿಯುವ ಮೊದಲೇ ಕೊಯ್ಲು ಶುರುವಾಯಿತು. ಹಣ್ಣಿನಲ್ಲಿ ಸಕ್ಕರೆ ಏರಿದಷ್ಟೂ ವೈನ್‌ನಲ್ಲಿ ಆಲ್ಕೋಹಾಲ್ ಏರುತ್ತದೆ, ಹುಳಿ ಇಳಿಯುತ್ತದೆ. ಇದಕ್ಕೆ ತೀರಾ ವಿರುದ್ಧವಾದದ್ದು 2021: ಏಪ್ರಿಲ್‌ನಲ್ಲಿ ಹಿಮ ಬಿದ್ದು ಚಿಗುರು ಸುಟ್ಟುಹೋಗಿತ್ತು, ಬೇಸಿಗೆಯೂ ತಂಪಾಗಿ, ತೇವವಾಗಿಯೇ ಕಳೆಯಿತು. ಆ ವರ್ಷದ ವೈನ್ ತೆಳುವಾಗಿದ್ದರೂ ಹುಳಿ ಚುರುಕಾಗಿರುವುದರಿಂದ ಹಳ್ಳಿ ಹಳ್ಳಿಯ ವ್ಯತ್ಯಾಸ ನಾಲಿಗೆಗೆ ಬೇಗ ಸಿಗುತ್ತದೆ. ಬಿಸಿ ವರ್ಷದಲ್ಲಿ ಮಾಗಿದ ಹಣ್ಣಿನ ರುಚಿಯೇ ಮುಂದೆ ನಿಂತು ಉಳಿದದ್ದನ್ನು ಮರೆಮಾಡುತ್ತದೆ. ಆದರೂ 2022 ಕೆಟ್ಟ ವರ್ಷವೇನಲ್ಲ. ತುಂಬುತನ ಬಯಸುವವರಿಗೆ ಅದು ಒಳ್ಳೆಯ ವರ್ಷವೇ.

ಇನ್ನು ಉಷ್ಣಾಂಶ. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕೆಂಬುದು ಚಳಿ ದೇಶದ ಹಳೆಯ ಮನೆಗಳಿಗೆ ಹೊಂದುವ ಮಾತು. ಏಪ್ರಿಲ್ ಸಂಜೆ ನಮ್ಮ ಮನೆಗಳ ಒಳಗೆ 28 ಡಿಗ್ರಿ ಇರುವುದು ಸಾಮಾನ್ಯ. ಬೊಜೊಲೆ ಸವಿಯಬೇಕಾದದ್ದು 13ರಿಂದ 15 ಡಿಗ್ರಿಯಲ್ಲಿ. ಬೆಚ್ಚಗಿದ್ದಷ್ಟೂ ಆಲ್ಕೋಹಾಲ್ ಮೂಗಿಗೆ ಮೊದಲು ಏರುತ್ತದೆ, ಹೂವಿನಂಥ ನವಿರು ಘಮ ಅದರಡಿಯಲ್ಲಿ ಅಡಗಿಹೋಗುತ್ತದೆ. ಬಾಟಲಿಯನ್ನು ಎರಡು ಗಂಟೆ ಫ್ರಿಜ್‌ನಲ್ಲಿಡಿ, ಇಲ್ಲವೇ ನೀರು ಮತ್ತು ಐಸ್ ಬೆರೆಸಿದ ಬಕೆಟ್ಟಿನಲ್ಲಿ ಕಾಲು ಗಂಟೆ ಮುಳುಗಿಸಿಡಿ. ಗ್ಲಾಸಿಗೆ ಸ್ವಲ್ಪಸ್ವಲ್ಪವೇ ಸುರಿಯಿರಿ, ಏಕೆಂದರೆ ನಮ್ಮ ಹವೆಯಲ್ಲಿ ಅದು ಬಹುಬೇಗ ಬಿಸಿಯಾಗುತ್ತದೆ.

ತೆರೆಯುವ ಮುನ್ನ ಕಾರ್ಕನ್ನೂ ಗಮನಿಸಿ. ಅದು ಬಾಟಲಿಯ ಬಾಯಿಗಿಂತ ಮೇಲೆ ಉಬ್ಬಿದ್ದರೆ, ಅಥವಾ ಹೊರಗೆ ತೆಗೆದಾಗ ಅದರ ಪಕ್ಕದಲ್ಲಿ ಕೆಂಪು ಗೆರೆಯೊಂದು ತುದಿಯವರೆಗೆ ಹರಿದಿದ್ದರೆ, ಆ ಬಾಟಲಿ ದಾರಿಯಲ್ಲೋ ಮನೆಯಲ್ಲೋ ಬಿಸಿಗೆ ಸಿಕ್ಕಿರುವ ಸಂಭವ ಹೆಚ್ಚು.

ಉತ್ತರ: ಜಯಲಕ್ಷ್ಮೀಪುರಂ, ಮೈಸೂರು

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಮುಖ್ಯವಾದ ಮೂರನೆಯ ಕಾರಣವೊಂದು ಬಿಟ್ಟುಹೋಗಿದೆ. ಮೂರು ಸೀಮೆಗಳ ವೈನನ್ನು ಮೂವರು ತಯಾರಕರಿಂದ ತಂದು ಹೋಲಿಸಿದರೆ, ಹೋಲಿಕೆ ಸೀಮೆಗಳ ನಡುವೆ ಆಗುವುದಕ್ಕಿಂತ ಹೆಚ್ಚಾಗಿ ತಯಾರಕರ ನಡುವೆಯೇ ಆಗುತ್ತದೆ.

ಬೊಜೊಲೆಯ ಸಾಂಪ್ರದಾಯಿಕ ವಿಧಾನದಲ್ಲಿ ದ್ರಾಕ್ಷಿಯನ್ನು ಬಿಡಿಸದೆ ಗೊಂಚಲು ಗೊಂಚಲಾಗಿಯೇ ತೊಟ್ಟಿಗೆ ತುಂಬುತ್ತಾರೆ. ತಳದ ಹಣ್ಣು ಮೇಲಿನ ಭಾರಕ್ಕೆ ಒಡೆದು ಹುದುಗತೊಡಗುತ್ತದೆ. ಅದರಿಂದ ಹೊಮ್ಮುವ ಇಂಗಾಲದ ಡೈಆಕ್ಸೈಡ್ ತೊಟ್ಟಿಯನ್ನು ತುಂಬಿದಾಗ, ಒಡೆಯದ ಹಣ್ಣಿನ ಒಳಗೆ ಯೀಸ್ಟ್‌ನ ನೆರವಿಲ್ಲದೆಯೇ ಸ್ವಲ್ಪ ಸಕ್ಕರೆ ಆಲ್ಕೋಹಾಲ್ ಆಗುತ್ತದೆ, ಹುಳಿಯೂ ಕೊಂಚ ತಗ್ಗುತ್ತದೆ. ಹಣ್ಣಿನ ಎದ್ದುಕಾಣುವ ಪರಿಮಳ, ಕಡಿಮೆ ಒಗರು ಇದರ ಗುರುತು. ಇನ್ನು ಕೆಲವರು ಪಕ್ಕದ ಬರ್ಗಂಡಿ ಪ್ರದೇಶದವರಂತೆ ಹಣ್ಣನ್ನು ಕಾಂಡದಿಂದ ಬಿಡಿಸಿ, ಸಿಪ್ಪೆಯೊಂದಿಗೆ ಹೆಚ್ಚು ಕಾಲ ನೆನೆಸಿ, ಓಕ್ ಮರದ ಪೀಪಾಯಿಯಲ್ಲಿಟ್ಟು ಹದಗೊಳಿಸುತ್ತಾರೆ. ಮೂಲಾಂ-ಆ-ವಾಂನಲ್ಲಿ ಈ ಪದ್ಧತಿ ಹೆಚ್ಚು. ತಮಗೆ ಅದರಲ್ಲಿ ಕಂಡ ಒಗರು ಮಣ್ಣಿನದೋ ಪೀಪಾಯಿಯದೋ ಎಂದು ಒಂದೇ ಬಾಟಲಿಯಿಂದ ತೀರ್ಮಾನಿಸಲಾಗದು. ಮೊರ್ಗೊನ್‌ನಲ್ಲಿಯೂ ಹಾಗೆಯೇ: ರಸಾಯನಶಾಸ್ತ್ರ ಬಲ್ಲ ವೈನ್ ತಯಾರಕ ಜೂಲ್ ಶೋವೆಯವರ ವಿಚಾರಗಳನ್ನು ಅನುಸರಿಸಿ ಅಲ್ಲಿನ ತಯಾರಕ ಮಾರ್ಸೆಲ್ ಲಾಪಿಯೆರ್ ಮತ್ತು ಅವರ ಗೆಳೆಯರು, ವೈನ್ ಕೆಡದಂತೆ ಸೇರಿಸುವ ಸಲ್ಫರ್ ಕಡಿಮೆ ಮಾಡಿ, ಹಣ್ಣಿನ ಮೇಲಿರುವ ಯೀಸ್ಟ್‌ನಿಂದಲೇ ಹುದುಗಿಸುವ ದಾರಿ ಹಿಡಿದರು. ಅವರ ದಾರಿಯ ಮೊರ್ಗೊನ್‌ಗೂ ದೊಡ್ಡ ವ್ಯಾಪಾರಸ್ಥರ ಮೊರ್ಗೊನ್‌ಗೂ ಹೆಸರು ಒಂದೇ, ರುಚಿ ಬೇರೆ.

ಮಣ್ಣಿನ ವ್ಯತ್ಯಾಸ ಇಲ್ಲವೆಂದು ನಾನು ಹೇಳುತ್ತಿಲ್ಲ. ಫ್ಲರಿಯದು ನಸುಗೆಂಪು ಗ್ರಾನೈಟ್, ನಮ್ಮ ಚಾಮುಂಡಿ ಬೆಟ್ಟವೂ ಗ್ರಾನೈಟ್‌ನದೇ ಎಂಬುದನ್ನು ನೆನೆದರೆ ನನಗೆ ಸಂತೋಷವಾಗುತ್ತದೆ. ಮೂಲಾಂ-ಆ-ವಾಂನ ಗ್ರಾನೈಟ್‌ನಲ್ಲಿ ಮ್ಯಾಂಗನೀಸ್ ಸೇರಿದೆ. ಮೊರ್ಗೊನ್‌ನ ಕೋಟ್ ದ್ಯು ಪೀ ಗುಡ್ಡದಲ್ಲಿ ನೀಲಿ ಛಾಯೆಯ ಕಲ್ಲು ಸವೆದು ಪುಡಿಯಾಗಿ ಮಣ್ಣಾಗಿದೆ. ಅದು ನಾಲಿಗೆಗೆ ತಿಳಿಯಬೇಕಾದರೆ ಒಬ್ಬನೇ ತಯಾರಕನ ಎರಡು ಹಳ್ಳಿಗಳ ವೈನನ್ನು ಒಂದೇ ವರ್ಷದ್ದಾಗಿ ಆರಿಸಿ, ಬಾಟಲಿಗೆ ಕಾಗದ ಸುತ್ತಿ ಹೆಸರು ಕಾಣದಂತೆ ಸವಿಯಬೇಕು. ಮಗಳು ಮುಂದಿನ ಸಲ ಬರುವಾಗ ಹೀಗೆ ಆರಿಸಿ ತರಲಿ.

ಉತ್ತರ: ಮಂಡ್ಯ

ಊಟದ ಜೊತೆ ಸವಿದೆವೆಂದು ಬರೆದಿದ್ದೀರಿ, ಏನು ಊಟವೆಂದು ಬರೆದಿಲ್ಲ. ನಮ್ಮ ಕಡೆಯ ಮಟನ್ ಸಾರು, ಮುದ್ದೆಯೊಂದಿಗೆ ಕುಡಿದಿದ್ದರೆ ಗಂಟಲಿನ ಕಾವಿಗೆ ಅರ್ಧ ಕಾರಣ ಅಲ್ಲಿಯೇ ಸಿಗುತ್ತದೆ. ಖಾರವು ಆಲ್ಕೋಹಾಲ್‌ನ ಉರಿಯನ್ನು ಹೆಚ್ಚಿಸುತ್ತದೆ. ಹುಣಸೆಹಣ್ಣಿನ ಹುಳಿ ಇರುವ ಸಾರಿನ ಮೇಲೆ, ಮೊದಲೇ ಹುಳಿ ಕಡಿಮೆಯಾದ 2022ರ ವೈನ್ ಸಪ್ಪೆಯಾಗಿ ತೋರುತ್ತದೆ. ಮೊದಲು ವೈನನ್ನು ಬರಿಯ ಬ್ರೆಡ್ಡಿನೊಂದಿಗೆ ಸವಿದು, ಅನಿಸಿದ್ದನ್ನು ಬರೆದಿಟ್ಟುಕೊಂಡು, ಆಮೇಲೆ ಊಟಕ್ಕೆ ಕುಳಿತರೆ ಒಳ್ಳೆಯದು. ಮೆಣಸಿನಕಾಯಿ ಹಿಡಿತದಲ್ಲಿದ್ದು, ಕಾಯಿಹಾಲು ಮುಂದಾಗಿರುವ ಕೋಳಿ ಪದಾರ್ಥದ ಜೊತೆ ತಂಪಾದ ಗಮೇ ಚೆನ್ನಾಗಿ ಹೊಂದುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಅಂದಿನ ಊಟ ಬನ್ನೂರು ಕುರಿಯ ಸಾರೇ ಆಗಿತ್ತು. ಉಳಿದ ಎರಡು ಬಾಟಲಿಗಳನ್ನು ನಿನ್ನೆ ಐಸ್ ನೀರಿನಲ್ಲಿಟ್ಟು, ಬರಿಯ ಬ್ರೆಡ್ಡಿನೊಂದಿಗೆ ಸವಿದೆವು. ಮೊರ್ಗೊನ್‌ನಲ್ಲಿ ಬೇಯಿಸಿದ ವಾಸನೆ ಹಿಂದಕ್ಕೆ ಸರಿದು, ಕಪ್ಪು ಚೆರ್ರಿಯ ರುಚಿ ಮತ್ತು ಕೊನೆಯಲ್ಲಿ ತೆಳುವಾದ ಹುಳಿ ಸ್ಪಷ್ಟವಾಗಿ ಸಿಕ್ಕವು. ಮನೆಯವರೆಲ್ಲರೂ ಇದನ್ನೇ ಹೇಳಿದರು. ಫ್ಲರಿ ಮಾತ್ರ ತಂಪು ಮಾಡಿದರೂ ಮೊದಲಿನಂತೆಯೇ ಮಂಕಾಗಿತ್ತು. ಅದರ ಕಾರ್ಕನ್ನು ಬೆಳಕಿಗೆ ಹಿಡಿದು ನೋಡಿದಾಗ ಒಂದು ಬದಿಯಲ್ಲಿ ಕೆಂಪು ಗೆರೆ ತುದಿಯವರೆಗೆ ಇತ್ತು. ಆದ್ದರಿಂದ ಫ್ಲರಿಯ ಬಗ್ಗೆ ಈ ಬಾಟಲಿಯಿಂದ ಯಾವ ತೀರ್ಮಾನಕ್ಕೂ ಬರಲಾರೆ. ಒಬ್ಬನೇ ತಯಾರಕನ ಫ್ಲರಿ ಮತ್ತು ಮೊರ್ಗೊನ್ ಬೇಕೆಂದು, ಸಿಕ್ಕರೆ 2021ರದ್ದೂ ಇರಲೆಂದು ಮಗಳಿಗೆ ಬರೆದಿದ್ದೇನೆ. ಡಿಸೆಂಬರ್ ತಿಂಗಳಲ್ಲಿಯೇ ತೆರೆಯುವ ಯೋಚನೆಯಿದೆ.