ಮೋಟರ್‌ಹೋಮ್‌ನ ಮೂಲೆಪಟ್ಟಿಯ ಸ್ಕ್ರೂಗಳು ಹಿಡಿಯುತ್ತಿಲ್ಲ

ಪ್ರಶ್ನೆ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮದು ಸೆಕೆಂಡ್ ಹ್ಯಾಂಡ್ ಕೊಂಡ ಮೋಟರ್‌ಹೋಮ್. ಹಿಂಭಾಗದ ಕೋಣೆಗೆ ಮರದ ಚೌಕಟ್ಟು, ಅದರ ಹೊರಗೆ ತೆಳು ಅಲ್ಯೂಮಿನಿಯಂ ಹಾಳೆ. ಹಾಳೆಗಳು ಕೂಡುವ ಮೂಲೆಯ ಮೇಲೆ ಅಲ್ಯೂಮಿನಿಯಂ ಪಟ್ಟಿಯನ್ನು ಸ್ಕ್ರೂಗಳಿಂದ ಕೂರಿಸಿ, ಸ್ಕ್ರೂಗಳ ತಲೆ ಕಾಣದಂತೆ ಪ್ಲಾಸ್ಟಿಕ್ ಪಟ್ಟಿಯೊಂದನ್ನು ತೂರಿಸಿದ್ದಾರೆ. ಕಳೆದ ವಾರ ಚಾರ್ಮಾಡಿ ಘಾಟಿಯಲ್ಲಿ ಇಳಿದು ಧರ್ಮಸ್ಥಳಕ್ಕೆ ಹೋಗಿ ಬಂದ ಮೇಲೆ ಗಾಡಿ ತೊಳೆಯುವಾಗ, ಎಡ ಹಿಂಬದಿಯ ಪಟ್ಟಿ ಉಗುರು ತೂರುವಷ್ಟು ಎದ್ದಿರುವುದು ಕಂಡಿತು. 11 ಸ್ಕ್ರೂಗಳಲ್ಲಿ 7 ಬಿಗಿಯಾದವು, ಉಳಿದ 4 ಸುಮ್ಮನೆ ಸುತ್ತುತ್ತವೆಯೇ ಹೊರತು ಹಿಡಿಯುವುದಿಲ್ಲ. ಮಳೆಗಾಲ ಹತ್ತಿರ ಬಂದಿದೆ. ಸ್ವಲ್ಪ ದಪ್ಪದ ಸ್ಕ್ರೂ ಹಾಕಿ ಅಂಚಿಗೆ ಸಿಲಿಕೋನ್ ಬಳಿದರೆ ಸಾಕಾಗುತ್ತದೆಯೇ?

ಉತ್ತರ (ಹಾಸನ)

ತೂತಿಗೆ ಅಂಟು ಹಚ್ಚಿದ ಎರಡು ಬೆಂಕಿಕಡ್ಡಿ ತುರುಕಿ ಅದೇ ಸ್ಕ್ರೂ ತಿರುಗಿಸಿ. ನಮ್ಮ ಮನೆಯ ಬಾಗಿಲಿನ ತಿರುಗಣಿಗಳನ್ನು ಹಾಗೆಯೇ ಸರಿಪಡಿಸಿದ್ದೇನೆ.

ಉತ್ತರ (ಸಕಲೇಶಪುರ)

ಮನೆಯ ಬಾಗಿಲು ಘಾಟಿ ಇಳಿಯುವುದಿಲ್ಲ, ಮಳೆಯಲ್ಲಿ ನೆನೆಯುವುದೂ ಇಲ್ಲ. ಸಾಮಾನ್ಯ ಬಿಳಿ ಅಂಟು ನೀರು ತಾಗಿದರೆ ಮೆತ್ತಗಾಗುವುದರಿಂದ ಇಲ್ಲಿ ಅದು ಬೇಡ.

ಮೊದಲು ಆ ನಾಲ್ಕು ಸ್ಕ್ರೂಗಳನ್ನು ಪೂರ್ತಿ ಹೊರತೆಗೆದು ತುದಿಯನ್ನು ನೋಡಿ. ಸುರುಳಿಯಲ್ಲಿ ಒಣ ಮರದ ಪುಡಿಯಿದ್ದರೆ ಅಲುಗಾಟಕ್ಕೆ ತೂತು ಸವೆದಿದೆ ಎಂದರ್ಥ. ತುಕ್ಕು ಹಿಡಿದು, ಕಪ್ಪಗೆ ಒದ್ದೆಯಾದ ನಾರು ಅಂಟಿಕೊಂಡಿದ್ದರೆ ಒಳಗಿನ ಮರ ಕೊಳೆಯುತ್ತಿದೆ, ಅಂಥ ಮರದಲ್ಲಿ ಎಷ್ಟು ದಪ್ಪದ ಸ್ಕ್ರೂ ಹಾಕಿದರೂ ನಿಲ್ಲುವುದಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ಆ ಮೂಲೆಯನ್ನು ಮೇಲಿನಿಂದ ಕೆಳಗೆ ತಟ್ಟುತ್ತಾ ಹೋಗಿ, ಸದ್ದು ಮಂಕಾಗುವ ಜಾಗಕ್ಕೆ ಗುರುತು ಹಾಕಿ.

ಸಿಲಿಕೋನ್ ವಿಷಯದಲ್ಲಿ ನನ್ನದು ಸ್ಪಷ್ಟ ವಿರೋಧ. ಒಳಗೆ ನೀರಿರುವಾಗ ಹೊರಗೆ ಬಳಿದರೆ ನೀರನ್ನು ಒಳಗೇ ಕೂಡಿಹಾಕಿದಂತಾಗುತ್ತದೆ. ಮೇಲಾಗಿ ಸಿಲಿಕೋನಿನ ಪಸೆ ಉಳಿದ ಜಾಗದಲ್ಲಿ ಮುಂದೆ ಬೇರೆ ಸೀಲೆಂಟ್ (ಸಂದು ಮುಚ್ಚುವ ಅಂಟು) ಆಗಲಿ ಬಣ್ಣವಾಗಲಿ ಹಿಡಿಯುವುದಿಲ್ಲ. ನಾನು ಒಮ್ಮೆ ಆ ತಪ್ಪು ಮಾಡಿ ಎರಡು ದಿನ ಕೆರೆಯುತ್ತಾ ಕೂತಿದ್ದೆ. ಪಟ್ಟಿಯನ್ನು ಪೂರ್ತಿ ಬಿಚ್ಚಿ, ಅದರ ಹಿಂದಿನ ಹಳೆಯ ಮೇಣದಂಥ ಸೀಲೆಂಟನ್ನು ಪ್ಲಾಸ್ಟಿಕ್ ಚೂರಿನಿಂದ ತೆಗೆದು, ಮರ ಚೆನ್ನಾಗಿ ಒಣಗುವವರೆಗೆ ಕಾಯಿರಿ. ತೇವಾಂಶ ಅಳೆಯುವ ಮೀಟರ್ ಸಿಕ್ಕರೆ ಅದು ಶೇ. 20ಕ್ಕಿಂತ ಸಾಕಷ್ಟು ಕೆಳಗೆ ತೋರಿಸಬೇಕು. ಸವೆದ ತೂತುಗಳನ್ನು ಎಪಾಕ್ಸಿಯಲ್ಲಿ (ಎರಡು ಭಾಗ ಬೆರೆಸಿ ಬಳಸುವ ಗಟ್ಟಿ ಅಂಟು) ಅದ್ದಿದ ಗಟ್ಟಿ ಮರದ ಕಡ್ಡಿಯಿಂದ ತುಂಬಿಸಿ, ಗಟ್ಟಿಯಾದ ಮೇಲೆ ಸಣ್ಣ ಬಿಟ್‌ನಿಂದ ಹೊಸ ತೂತು ಕೊರೆಯಿರಿ. ಪಟ್ಟಿಯ ಅಡಿಗೆ ಬ್ಯೂಟೈಲ್ ಟೇಪ್ (ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿ) ಹಾಕಿ, ಸ್ಟೇನ್‌ಲೆಸ್ ಸ್ಕ್ರೂಗಳನ್ನು ನಡುವಿನಿಂದ ಎರಡೂ ತುದಿಗಳ ಕಡೆಗೆ ಕೈಯಿಂದಲೇ ಬಿಗಿಯಿರಿ. ಟೇಪ್ ನಿಧಾನವಾಗಿ ಹಿಂಡಿಕೊಂಡು ಹೊರಬರುವುದರಿಂದ ಮೂರ್ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಬಿಗಿದು, ಹೆಚ್ಚಾದುದನ್ನು ಕತ್ತರಿಸಬೇಕು. ಉದ್ದದ ಸ್ಕ್ರೂ ಹಾಕುವ ಮುನ್ನ ಗೋಡೆಯೊಳಗೆ ವೈರು ಎಲ್ಲಿ ಹಾದುಹೋಗಿದೆ ಎಂಬುದನ್ನು ನೋಡಿಕೊಳ್ಳಿ.

ಉತ್ತರ (ಮೂಡಿಗೆರೆ)

ಸಕಲೇಶಪುರದವರು ಹೇಳಿದ್ದು ಮರದ ಚೌಕಟ್ಟಿಗೆ ಸರಿ. ವ್ಯಾನನ್ನೇ ಪರಿವರ್ತಿಸಿದ ನಮ್ಮಂಥ ಗಾಡಿಗಳಲ್ಲಿ ಸ್ಕ್ರೂ ಕಚ್ಚಿಕೊಂಡಿರುವುದು ತೆಳು ತಗಡನ್ನು. ತೂತು ಅಗಲವಾದರೆ ಅಲ್ಲಿ ರಿವೆಟ್ ನಟ್ (ತಗಡಿನ ತೂತಿನಲ್ಲೇ ಕಚ್ಚಿ ಕೂರುವ, ಒಳಸುರುಳಿಯ ನಟ್) ಕೂರಿಸಿ, ಮೆಷಿನ್ ಸ್ಕ್ರೂ ಹಾಕಿ, ಬಿಚ್ಚಲು ಬರುವಂಥ ನೀಲಿ ಥ್ರೆಡ್‌ಲಾಕರ್ (ಸುರುಳಿಯಲ್ಲಿ ಗಟ್ಟಿಯಾಗಿ ಸ್ಕ್ರೂವನ್ನು ಹಿಡಿದಿಡುವ ದ್ರವ) ಒಂದು ಹನಿ ಬಿಟ್ಟರೆ ಅಲುಗಾಟಕ್ಕೆ ಸಡಿಲವಾಗುವುದಿಲ್ಲ. ಆ ದ್ರವ ಲೋಹಕ್ಕೆ ಲೋಹ ಕೂಡುವಲ್ಲಿ ಮಾತ್ರ ಕೆಲಸ ಮಾಡುತ್ತದೆ, ಮರಕ್ಕೆ ಹಾಕಿ ದುಡ್ಡು ಕಳೆಯಬೇಡಿ. ಇನ್ನೊಂದು ಮಾತು: ಸ್ಟೇನ್‌ಲೆಸ್ ಸ್ಕ್ರೂ ಅಲ್ಯೂಮಿನಿಯಂ ಪಟ್ಟಿಗೆ ನೇರವಾಗಿ ತಾಗಿ ಅಲ್ಲಿ ನೀರೂ ನಿಂತರೆ ಸವೆಯುವುದು ಅಲ್ಯೂಮಿನಿಯಂ. ತಲೆಯ ಕೆಳಗೆ ಸ್ವಲ್ಪ ಸೀಲೆಂಟ್ ಇರಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಪಟ್ಟಿ ಬಿಚ್ಚಿದೆ. ನಾಲ್ಕರಲ್ಲಿ ಮೂರು ಸ್ಕ್ರೂಗಳ ತುದಿ ಒದ್ದೆಯಾಗಿ ಕಪ್ಪಾಗಿತ್ತು, ಆದರೆ ಪಟ್ಟಿಯ ಹಿಂದಿನ ಮೇಣ ಆ ಜಾಗದಲ್ಲಿ ಇನ್ನೂ ಗಟ್ಟಿಯಾಗಿಯೇ ಇತ್ತು. ನೀರು ಬಂದದ್ದು ಎರಡಡಿ ಮೇಲಿರುವ, ಗಾಡಿಯ ಅಂಚು ತೋರಿಸುವ ಮಾರ್ಕರ್ ಲೈಟಿನ ಬಿರುಕು ಬಿಟ್ಟ ರಬ್ಬರಿನ ಮೂಲಕ, ಅಲ್ಲಿಂದ ಕಂಬದ ಉದ್ದಕ್ಕೂ ಇಳಿದು ಸ್ಕ್ರೂಗಳ ಬುಡದಲ್ಲಿ ಸೇರಿಕೊಂಡಿದೆ. ಸುಮಾರು ಒಂದು ಅಡಿ ಮರವನ್ನು ಬಡಗಿಯಿಂದ ಕತ್ತರಿಸಿ ಹೊಸದು ಜೋಡಿಸಬೇಕಾಗಿದೆ. ಅಲ್ಲಿಯವರೆಗೆ ಗಾಡಿ ಕಾಫಿ ಗೋದಾಮಿನ ಸೂರಿನಡಿಯಲ್ಲಿ, ಫ್ಯಾನ್ ಗಾಳಿಗೆ ಒಣಗುತ್ತಿದೆ.